ದೊಡ್ಡ ಮನೆಗೆ ಹೋಗುವ ಮುನ್ನ

ಮಕ್ಕಳು ಬೆಳೆದಂತೆ ಮನೆ ಕಿರಿದಾಗುತ್ತದೆ. ಗೋಡೆಗಳು ಇದ್ದಲ್ಲಿಯೇ ಇರುತ್ತವೆ. ಆದರೆ ಇಬ್ಬರಿದ್ದವರು ಐವರಾಗಿ, ವೃದ್ಧ ತಂದೆತಾಯಿಯರೂ ಜೊತೆಗೂಡಿ, ಹತ್ತನೆಯ ತರಗತಿಯ ಹುಡುಗಿಗೆ ಓದಲು ಒಂದು ಮೂಲೆ ಬೇಕಾದಾಗ, ಎರಡು ಕೋಣೆಯ ಹಂಚಿನ ಮನೆ ಇನ್ನು ಸಾಲದೆಂಬ ಮಾತು ಊಟದ ಹೊತ್ತಿನಲ್ಲಿ ಬಂದೇ ಬರುತ್ತದೆ. ದೊಡ್ಡ ಮನೆಗೆ ಹೋಗಬೇಕೆ, ಇದ್ದುದನ್ನೇ ಹಿಗ್ಗಿಸಿಕೊಳ್ಳಬೇಕೆ ಎಂಬುದು ಮೇಲ್ನೋಟಕ್ಕೆ ಹಣದ ಪ್ರಶ್ನೆ. ಕಾಸರಗೋಡಿನ ಕನ್ನಡ ಕುಟುಂಬಕ್ಕೆ ಅದು ಭಾಷೆಯ ಪ್ರಶ್ನೆಯೂ ಹೌದೆಂಬುದು ನನ್ನ ಅಭಿಪ್ರಾಯ.

ಇಕ್ಕಟ್ಟನ್ನು ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ಚಾವಡಿ, ಜಗಲಿ, ಅಟ್ಟಗಳ ಕೂಡುಕುಟುಂಬವನ್ನು ನೆನೆದು ನಿಟ್ಟುಸಿರಿಡುವ ಬರಹಗಳು ನಮ್ಮಲ್ಲಿ ಸಾಕಷ್ಟಿವೆ. ಆ ಮನೆಯೊಳಗೆ ತನ್ನದೆಂಬ ಒಂದು ಕಿಟಕಿಯೂ ಇಲ್ಲದೆ ಬಾಳಿದ ಹೆಂಗಸರ ನೆನಪು ಬೇರೆಯೇ ಇರುತ್ತದೆ. ಓದುವ ಮಗುವಿಗೆ ಬೆಳಕಿರುವ ಮೇಜು, ಹಿರಿಯರಿಗೆ ಮೆಟ್ಟಿಲು ಹತ್ತದೆ ತಲುಪಬಹುದಾದ ಬಚ್ಚಲು, ಬೆಳೆದ ಹೆಣ್ಣುಮಕ್ಕಳಿಗೆ ಬಾಗಿಲಿರುವ ಕೋಣೆ: ಇವು ಅಗತ್ಯಗಳು, ಆಡಂಬರಗಳಲ್ಲ. ಇವನ್ನು ಒದಗಿಸಲಾಗದ ಮನೆಯಲ್ಲಿ ಅಭಿಮಾನದ ಹೆಸರಿನಲ್ಲಿ ಉಳಿಯಬೇಕೆಂದು ಯಾರೂ ಯಾರಿಗೂ ಹೇಳಲಾಗದು.

ಆದರೆ ವಿಸ್ತಾರವೂ ತನ್ನ ಬೆಲೆಯನ್ನು ಕೇಳುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಕುಟುಂಬ ಪುಟ್ಟ ಮನೆಯಲ್ಲಿದ್ದಾಗ ಇರುವೆಗಳ ಕಾಟವನ್ನೂ ಬಡತನವನ್ನೂ ಒಟ್ಟಾಗಿ ಎದುರಿಸುತ್ತದೆ. ಚಿಕ್ಕಪ್ಪನ ವ್ಯಾಪಾರ ಕುದುರಿ ದೊಡ್ಡ ಮನೆಗೆ ಬಂದ ಮೇಲೆ ಪರಸ್ಪರ ಸಂಬಂಧಗಳ ನೇಯ್ಗೆಯೇ ಬದಲಾಗುತ್ತದೆ. ಕಾದಂಬರಿಯಲ್ಲಿ ಅದಕ್ಕೆ ಮುಖ್ಯ ಕಾರಣ ಹಠಾತ್ತನೆ ಬಂದ ಹಣ. ಆದರೂ ಮನೆ ಬದಲಾದಾಗ ಅದರೊಳಗಿನ ಮನುಷ್ಯರು ಹಿಂದಿನಂತೆಯೇ ಉಳಿಯುವುದಿಲ್ಲವೆಂಬ ತಿಳಿವು ನಮಗೂ ಸಲ್ಲುತ್ತದೆ.

ಇನ್ನು ಹಣದ ಮಾತು. 25 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9ರ ಬಡ್ಡಿಗೆ 20 ವರ್ಷಗಳ ಅವಧಿಗೆ ಪಡೆದರೆ ತಿಂಗಳ ಕಂತು ಸುಮಾರು 22,500 ರೂಪಾಯಿ. ಕೊನೆಯ ಕಂತು ಕಟ್ಟುವ ಹೊತ್ತಿಗೆ ತೆತ್ತ ಮೊತ್ತ ಸುಮಾರು 54 ಲಕ್ಷ. ಅದೇ ಬಡ್ಡಿಗೆ 5 ಲಕ್ಷ ರೂಪಾಯಿಯನ್ನು 5 ವರ್ಷಗಳಿಗೆ ಪಡೆದು ಹಳೆಯ ಮುರಕಲ್ಲಿನ ಮನೆಗೆ ಒಂದು ಕೋಣೆ ಕೂಡಿಸಿದರೆ ಕಂತು ಸುಮಾರು 10,400. ಒಟ್ಟು 6 ಲಕ್ಷದ ಮೇಲೆ ಅಲ್ಪಸ್ವಲ್ಪ. ಕಾಲದ ಲೆಕ್ಕವನ್ನೂ ಇದರೊಡನೆ ಇಡಬೇಕು. ಇಂದು ಎಂಟು ವರ್ಷದ ಮಗು ಸಾಲ ತೀರುವಾಗ ಇಪ್ಪತ್ತೆಂಟರ ಪ್ರಾಯಕ್ಕೆ ಬಂದಿರುತ್ತದೆ. ಬಹುಶಃ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇರುತ್ತದೆ. ಕುಟುಂಬ ತುಂಬಿ ತುಳುಕುವ ಕಾಲ ಹತ್ತು ಹನ್ನೆರಡು ವರ್ಷ ಮಾತ್ರ. 2011ರ ಜನಗಣತಿಯಲ್ಲಿ ಕೇರಳದ 10 ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿಯಾಗಿ ಕಂಡುಬಂದುವು. ಮಹಡಿಗೆ ಬೀಗ ಜಡಿದು ಕೆಳಗೆ ಇಬ್ಬರೇ ವೃದ್ಧರು ದೀಪ ಹಚ್ಚುವ ಮನೆಗಳು ನಮ್ಮೂರುಗಳಲ್ಲಿಯೂ ಹೊಸತಲ್ಲ.

ಈ ಲೆಕ್ಕವನ್ನು ಯಾವ ಊರಿನವರೂ ಮಾಡಬಹುದು. ನಮ್ಮವರು ಮಾತ್ರ ಮಾಡಬೇಕಾದ ಲೆಕ್ಕ ಇನ್ನೊಂದಿದೆ.

ಕಾಸರಗೋಡಿನ ಕನ್ನಡಿಗರಲ್ಲಿ ಅನೇಕರ ಮನೆಮಾತು ತುಳು, ಹವ್ಯಕ ಕನ್ನಡ, ಕೊಂಕಣಿ ಅಥವಾ ಮರಾಠಿ. ಗ್ರಂಥಸ್ಥ ಕನ್ನಡ ಇಲ್ಲಿ ಅಡುಗೆಮನೆಯಲ್ಲಿ ಹುಟ್ಟುವುದು ಕಡಿಮೆ. ಅದು ಶಾಲೆಯಲ್ಲಿ, ಗ್ರಂಥಾಲಯದಲ್ಲಿ, ತಾಳಮದ್ದಳೆಯ ಕೂಟದಲ್ಲಿ, ಭಜನಾಮಂದಿರದಲ್ಲಿ, ಬೆಳಗಿನ ಪತ್ರಿಕೆಯಲ್ಲಿ ಬದುಕುತ್ತದೆ. ಎಂದರೆ ಮನೆಯ ಹೊಸ್ತಿಲಿನಿಂದ ಆಚೆಗೆ, ನಡೆದು ತಲುಪಬಹುದಾದಷ್ಟು ದೂರದಲ್ಲಿ. ಪಾರ್ತಿಸುಬ್ಬನ ಕುಂಬಳೆಯಲ್ಲಿಯೂ ಗೋವಿಂದ ಪೈಗಳ ಮಂಜೇಶ್ವರದಲ್ಲಿಯೂ ಕನ್ನಡ ಉಳಿದುಬಂದುದು ಹೀಗೆ, ನೆರೆಹೊರೆಯ ಆಸ್ತಿಯಾಗಿ. ಆದ್ದರಿಂದ ಬೆಂಗಳೂರಿನ ಕುಟುಂಬ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋದರೆ ಅದರ ಕನ್ನಡಕ್ಕೆ ಒದಗುವ ವ್ಯತ್ಯಾಸಕ್ಕೂ, ಪೆರ್ಲ ಅಥವಾ ಬದಿಯಡ್ಕದ ಕುಟುಂಬ ಮನೆ ಬದಲಿಸಿದಾಗ ಒದಗುವ ವ್ಯತ್ಯಾಸಕ್ಕೂ ಹೋಲಿಕೆಯಿಲ್ಲ. ಚಂದ್ರಗಿರಿ ಹೊಳೆಯನ್ನು ದಾಟಿ ದಕ್ಷಿಣಕ್ಕೆ ಸಾಗಿದಂತೆ ಕನ್ನಡ ಶಾಲೆಗಳು ವಿರಳವಾಗುತ್ತವೆ. 1967ರಲ್ಲಿ ಮಹಾಜನ ಆಯೋಗ ಅದೇ ಹೊಳೆಯನ್ನು ಗಡಿಯಾಗಿ ಸೂಚಿಸಿತ್ತೆಂಬುದನ್ನು ನೆನಪಿಸಿಕೊಳ್ಳಬಹುದು. ಆ ಶಿಫಾರಸು ಜಾರಿಗೆ ಬರಲಿಲ್ಲ. ಆದರೆ ಹೊಳೆಯ ಆಚೆ ನಾಲ್ಕು ಕೋಣೆಯ ಮನೆಯನ್ನು ಕೊಳ್ಳುವ ತಂದೆ ತನ್ನ ಮಗುವಿನ ಮಟ್ಟಿಗೆ ಒಂದು ಗಡಿಯನ್ನು ದಾಟುತ್ತಿರುತ್ತಾನೆ.

ಇದರ ಪರಿಣಾಮ ಆ ಮಗುವಿನೊಡನೆ ಮುಗಿಯುವುದಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಬಳಿಕ ಆರನೆಯ ಕೆಲಸದ ದಿನದಂದು ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಅಧ್ಯಾಪಕರ ಹುದ್ದೆಗಳು ನಿರ್ಧಾರವಾಗುವುದು ಆ ಸಂಖ್ಯೆಯ ಆಧಾರದಲ್ಲಿ. ಮಕ್ಕಳು ಕಡಿಮೆಯಾದರೆ ಒಂದು ವಿಭಾಗ ಹೋಗುತ್ತದೆ, ಒಂದು ಹುದ್ದೆ ಹೋಗುತ್ತದೆ. ಅಧ್ಯಾಪಕರಿಲ್ಲದ ಶಾಲೆಗೆ ಮರುವರ್ಷ ಮಕ್ಕಳು ಇನ್ನೂ ಕಡಿಮೆ ಬರುತ್ತಾರೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. ಆದರೆ ಸೌಲಭ್ಯವನ್ನು ಕೇಳಿ ಪಡೆಯಲು ಮೊದಲು ಬೆಂಚಿನ ಮೇಲೆ ಮಕ್ಕಳಿರಬೇಕು. ನಮ್ಮ ಪಾಲಿನ ಹೋರಾಟಗಳಲ್ಲಿ ಕೆಲವು ಬೀದಿಯಲ್ಲಿ ನಡೆದಿವೆ. ಕೆಲವು ಸದ್ದಿಲ್ಲದೆ ಮನೆ ಕೊಳ್ಳುವ ಮಾತುಕತೆಯಲ್ಲಿಯೇ ಸೋತುಹೋಗುತ್ತಿವೆ.

ಒಂದು ಭಾಷೆಯ ಭಾರವನ್ನು ಒಂದು ಬಡ ಕುಟುಂಬದ ಹೆಗಲಿಗೆ ಹೊರಿಸುವುದು ನ್ಯಾಯವೆ ಎಂದು ಕೇಳಬಹುದು. ಆಕ್ಷೇಪ ಸರಿಯಾದುದೇ. ಉದ್ಯೋಗ, ಆಸ್ಪತ್ರೆ, ಹೆಂಡತಿಯ ಕೆಲಸದ ಸ್ಥಳ ಇವೆಲ್ಲ ಒಂದು ಕಡೆಗೆ ಎಳೆದಾಗ ಹೋಗುವವರನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ನಾನು ಕೇಳುವುದು ಇಷ್ಟೇ: ಕೋಣೆಗಳ ಸಂಖ್ಯೆ, ಬಾವಿಯ ನೀರು, ರಸ್ತೆ, ಕಂತು ಇವುಗಳ ಪಟ್ಟಿಯಲ್ಲಿ ಕನ್ನಡ ಶಾಲೆಯ ದೂರಕ್ಕೂ ಒಂದು ಸಾಲು ಇರಲಿ. ಪಟ್ಟಿಯಲ್ಲಿ ಇದ್ದೂ ಬಿಟ್ಟುಕೊಟ್ಟರೆ ಅದು ಆಯ್ಕೆ. ಪಟ್ಟಿಗೇ ಬಾರದೆ ಹೋದರೆ ಅದು ಮರೆವು.

ಸಾಲು ಪಟ್ಟಿಗೆ ಬಂದಾಗ ನಡುವಿನ ದಾರಿಗಳು ಕಾಣಿಸುತ್ತವೆ. ಹಳೆಯ ಮನೆಯ ಜಗಲಿಗೆ ಗೋಡೆ ಕಟ್ಟಿ ಓದುವ ಕೋಣೆ ಮಾಡಬಹುದು. ಹಿತ್ತಲಿನ ಕಡೆಗೆ ಮಾಡನ್ನು ಇಳಿಸಿ ಹಿರಿಯರಿಗೆ ಕೋಣೆಯನ್ನೂ ಬಚ್ಚಲನ್ನೂ ಕೂಡಿಸಬಹುದು. ಜಾಗ ಸಾಲದೆ ಬೇರೆ ಕಡೆ ಕಟ್ಟಲೇಬೇಕಾದರೆ ಅದೇ ಬಸ್ಸಿನ ದಾರಿಯಲ್ಲಿ ನಿವೇಶನ ಹುಡುಕಬಹುದು. ಅಲ್ಲಿಯೂ ಎಚ್ಚರ ಬೇಕು: ಅಗ್ಗವೆಂದು ಬೈಲಿನ ಗದ್ದೆಯನ್ನು ಕೊಂಡರೆ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆಯ ತಡೆ ಎದುರಾಗುತ್ತದೆ. ಇವೆಲ್ಲವನ್ನೂ ನೋಡಿದ ಮೇಲೂ ದೂರದ ದೊಡ್ಡ ಮನೆಯೇ ಸರಿಯೆನಿಸಿದರೆ ಹೋಗಲಿ. ಆದರೆ ಆ ಮನೆಯ ಒಂದು ಗೋಡೆಯಾದರೂ ಕನ್ನಡ ಪುಸ್ತಕಗಳಿಗೆ ಮೀಸಲಾಗಲಿ, ಹಳೆಯ ಊರಿನ ತಾಳಮದ್ದಳೆಗೆ ಮಕ್ಕಳನ್ನು ಕರೆತರುವ ವಾಡಿಕೆ ಉಳಿಯಲಿ.

ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ನಿಮಗೆ ಇದನ್ನು ಹೇಳುವುದಕ್ಕೆ ಕಾರಣವಿದೆ. ಇಂದು ನಿಮ್ಮ ಮನೆಯಲ್ಲಿ ಈ ಚರ್ಚೆ ನಡೆಯುವಾಗ ಹಿರಿಯರು ನಿಮ್ಮ ಮಾತನ್ನೂ ಕೇಳುತ್ತಾರೆ. ಇನ್ನು ಹತ್ತು ವರ್ಷಗಳಲ್ಲಿ ತೀರ್ಮಾನಿಸುವವರು ನೀವೇ ಆಗಿರುತ್ತೀರಿ. ಹೊಸ ಮನೆಯನ್ನು ನೋಡಲು ಎಲ್ಲರೂ ರಜೆಯ ದಿನ ಹೋಗುತ್ತಾರೆ, ಕೋಣೆ ಅಳೆಯುತ್ತಾರೆ, ನಲ್ಲಿ ತಿರುಗಿಸುತ್ತಾರೆ. ಮುಂಗಡ ಕೊಡುವ ಮುನ್ನ ಇನ್ನೊಮ್ಮೆ ಹೋಗಿ: ಶಾಲೆಯಿರುವ ದಿನ, ಬೆಳಗಿನ ಒಂಬತ್ತು ಗಂಟೆಗೆ. ಅಂಗಳದಲ್ಲಿ ನಿಂತು, ಆ ದಾರಿಯ ಮಕ್ಕಳು ಯಾವ ಶಾಲೆಗೆ ನಡೆಯುತ್ತಿದ್ದಾರೆಂದು ನೋಡಿ ಬನ್ನಿ.