ಹದಿನಾಲ್ಕು ಜನರ ಊರು

ಜನ ಕಡಿಮೆಯಾದ ಊರು ಸತ್ತ ಊರು. ನಮ್ಮಂಥ ವಲಸಿಗರು ಬಲು ಸಲೀಸಾಗಿ ಕೊಡುವ ತೀರ್ಪು ಇದು. ‘ಅಲ್ಲಿ ಇನ್ನೇನಿದೆ, ನಾಲ್ಕು ಮುದುಕರು ಬಿಟ್ಟರೆ?’ ಎಂದು ಕೇಳಿ ಫೋನ್ ಕೆಳಗಿಡುತ್ತೇವೆ. ಈ ತರ್ಕದ ವಿರುದ್ಧ ನಾನು ಸಾಕ್ಷಿಗೆ ಕರೆಯುವುದು ಅಮೆರಿಕದ ಕಾನ್ಸಾಸ್ ರಾಜ್ಯದ ನಿಕೋಡೀಮಸ್ ಎಂಬ ಊರನ್ನು. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 14.

ಅಂತರ್ಯುದ್ಧ ಮುಗಿದು 12 ವರ್ಷಕ್ಕೆ, 1877ರಲ್ಲಿ, ಕೆಂಟಕಿಯಿಂದ ಬಂದ ಕಪ್ಪು ಜನ ಕಟ್ಟಿದ ಊರಿದು. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ಸ್ವಂತ ಹೊಲ, ಸ್ವಂತ ಊರು ಎಂದು ಕರಪತ್ರಗಳು ಆಸೆ ತೋರಿಸಿದ್ದವು. ಬಂದು ನೋಡಿದರೆ ಸಾಲೊಮನ್ ನದಿಯ ದಂಡೆಯಲ್ಲಿ ಮರವಿಲ್ಲದ ಹುಲ್ಲುಗಾವಲು. ಮನೆ ಕಟ್ಟಲು ಮರವಿಲ್ಲದೆ ನೆಲ ತೋಡಿ ಬಿಲದಂಥ ಗೂಡುಗಳಲ್ಲಿ ಮೊದಲ ಚಳಿಗಾಲ ಕಳೆದರು. ನೆಲದಿಂದ ಹೊಗೆ ಏಳುವುದನ್ನು ನೋಡಿ, ಇದೇ ನಿಕೋಡೀಮಸ್ ಎಂದು ತಿಳಿದು ಅತ್ತ ಹೆಂಗಸಿನ ನೆನಪು ದಾಖಲಾಗಿದೆ. ಕೆಲವರು ಹಿಂದಿರುಗಿದರು. ಉಳಿದವರು ಹತ್ತೇ ವರ್ಷದಲ್ಲಿ ಚರ್ಚು, ಶಾಲೆ, ಹೋಟೆಲು, ಬ್ಯಾಂಕು, ಎರಡು ಪತ್ರಿಕೆ ಕಟ್ಟಿದರು. ಅಲ್ಲಿ ನೆಲೆಸಿದ್ದ ಇ. ಪಿ. ಮೆಕೇಬ್ 1882ರಲ್ಲಿ ರಾಜ್ಯದ ಆಡಿಟರ್ ಆಗಿ ಚುನಾಯಿತರಾದರು.

ಆಮೇಲೆ ರೈಲಿನ ಕತೆ. ರೈಲನ್ನು ಕರೆತರಲು ಊರವರು 16,000 ಡಾಲರ್ ಬಾಂಡಿಗೆ ಮತ ಹಾಕಿದರು. ಮಾತುಕತೆ ಮುರಿಯಿತು. 1888ರಲ್ಲಿ ಹಳಿ ನದಿಯ ಆಚೆ ದಡದಲ್ಲಿ ಹೋಯಿತು. ಅಲ್ಲಿ ಬೋಗ್ ಎಂಬ ಹೊಸ ಊರು ಎದ್ದಿತು. ಅಂಗಡಿಗಳು ಒಂದೊಂದಾಗಿ ಆಚೆ ದಡ ಸೇರಿದವು. 1930ರ ದಶಕದ ಬರ, ಧೂಳು, ಆರ್ಥಿಕ ಕುಸಿತ ಉಳಿದವರನ್ನೂ ಚದುರಿಸಿತು. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು, ಶಾಲೆಯೂ ಉಳಿಯಲಿಲ್ಲ.

ಇದನ್ನೇ ‘ಕಾಲದ ನಿಯಮ’ ಎನ್ನುವವರಿದ್ದಾರೆ. ಸುಳ್ಳು. ಹಳಿ ತಾನಾಗಿ ತಿರುಗುವುದಿಲ್ಲ, ಅಂಚೆ ಕಚೇರಿ ತಾನಾಗಿ ಬೀಗ ಹಾಕಿಕೊಳ್ಳುವುದಿಲ್ಲ. ಎಲ್ಲೋ ಒಂದು ಮೇಜಿನ ಮೇಲೆ ಯಾರೋ ಸಹಿ ಹಾಕುತ್ತಾರೆ. ದಿನವಿಡೀ ಡ್ಯಾಶ್‌ಬೋರ್ಡ್ ನೋಡುವ ಕೆಲಸ ನನ್ನದು. ಕೆಂಪು ಅಂಕಿ ಕಂಡರೆ ಕಾರಣ ಕೇಳುವುದು ಅಲ್ಲಿನ ಮೊದಲ ಪಾಠ. ಊರಿನ ವಿಷಯಕ್ಕೆ ಬಂದಾಗ ಮಾತ್ರ ನಾವು ಅಂಕಿಯನ್ನೇ ಕಾರಣ ಮಾಡುತ್ತೇವೆ: ಜನವಿಲ್ಲ, ಆದ್ದರಿಂದ ಬಸ್ಸು ಬೇಡ, ಬಸ್ಸಿಲ್ಲ, ಆದ್ದರಿಂದ ಜನವಿಲ್ಲ.

ಇನ್ನು, ಆ 14 ಎಂಬ ಅಂಕಿ ಏನನ್ನು ಎಣಿಸಿದೆ? ಗಣತಿಯ ದಿನ ಅಲ್ಲಿ ಮನೆ ಮಾಡಿಕೊಂಡಿದ್ದವರನ್ನು. ಪ್ರತಿ ಜುಲೈ ಕೊನೆಯಲ್ಲಿ ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬಂದು ಸೇರುವ ವಂಶಜರನ್ನಲ್ಲ. ವೆಸ್ಟ್ ಇಂಡೀಸಿನ ಗುಲಾಮರ ಬಿಡುಗಡೆಯ ನೆನಪಿನ ಹಬ್ಬವಾಗಿ ಶುರುವಾದದ್ದು ಇಂದು ಊರಿಗೆ ಮರಳುವ ಹಬ್ಬ. ನಮ್ಮ ಜಾತ್ರೆಗೆ ಪರವೂರಿನ ಮಕ್ಕಳು ಬಂದಂತೆ. ಆ ವಂಶಜರ ಪಟ್ಟಿನಿಂದಾಗಿ 1996ರಲ್ಲಿ ಊರು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಐದು ಹಳೆಯ ಕಟ್ಟಡಗಳಿಗೆ ರಕ್ಷಣೆ ಸಿಕ್ಕಿತು. ಹದಿನಾಲ್ಕು ಜನರಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರು, ಗುಲಾಮಗಿರಿಯಿಂದ ಬಿಡುಗಡೆಯಾದವರು ಮಿಸಿಸಿಪಿಯ ಪಶ್ಚಿಮಕ್ಕೆ ಕಟ್ಟಿದ ಊರುಗಳಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯದು ಇದು ಎಂಬುದನ್ನು ಮರೆಯಬಾರದು.

ಒಂದು ಮಾತು ಒಪ್ಪಲೇಬೇಕು. ವರ್ಷಕ್ಕೊಮ್ಮೆಯ ಹಬ್ಬ ಮುಚ್ಚಿದ ಶಾಲೆಯನ್ನು ತೆರೆಯುವುದಿಲ್ಲ. ಹಬ್ಬ ಮುಗಿದ ಮೇಲೂ ದೀಪ ಹಚ್ಚಲು ಆ ಹದಿನಾಲ್ಕು ಜನ ಬೇಕು. ಜಾತ್ರೆಯ ಫೋಟೊ ಹಾಕಿ ‘ನನ್ನೂರು’ ಎಂದು ಬರೆಯುವ ನಮಗೂ ಈ ಮಾತು ಅನ್ವಯಿಸುತ್ತದೆ. ಪುಣೆಯಲ್ಲೋ ದೆಹಲಿಯಲ್ಲೋ ಕೂತು ಊರಿನ ಮರಣಪತ್ರ ಬರೆಯುವ ಮೊದಲು ಅಲ್ಲಿ ಉಳಿದವರನ್ನು ಒಮ್ಮೆ ಕೇಳಿ: ಕೊನೆಯ ಬಸ್ಸನ್ನು ನಿಲ್ಲಿಸಿದವರು ಯಾರು, ಶಾಲೆಯನ್ನು ಪಕ್ಕದೂರಿನ ಜೊತೆ ‘ವಿಲೀನ’ ಮಾಡಿದವರು ಯಾರು? ಉತ್ತರ ಸಿಕ್ಕರೆ ಅರ್ಜಿ ಬರೆಯಿರಿ. ಮರಣಪತ್ರ ಬರೆಯುವಷ್ಟು ಕನ್ನಡ ಬರುವವರಿಗೆ ಅರ್ಜಿ ಬರೆಯುವ ಕನ್ನಡವೂ ಬಂದೇ ಬರುತ್ತದೆ.