ಮಣಿಕಟ್ಟಿನ ನೋವು, ಒಂದು ಸೂಜಿ

ಧಾರವಾಡದ ಒಂದು ಮನೆ. ಮೂರು ತಿಂಗಳ ಕೂಸು ತೊಟ್ಟಿಲಲ್ಲಿ ಅಳುತ್ತಿದೆ. ಎತ್ತಿಕೊಳ್ಳಲು ಬಾಗಿದ ಬಾಣಂತಿ, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಮಿಂಚು ಹೊಡೆದಂತಾಗಿ ಕೈ ಹಿಂದೆಗೆಯುತ್ತಾಳೆ. "ವಾಯು ಆಗೇದ, ಎಣ್ಣಿ ಹಚ್ಚಿ ಶಾಖಾ ಕೊಟ್ಕೋವಾ" ಎಂದು ಅತ್ತೆಯ ಉಪಚಾರ. ಎಣ್ಣೆ ತೀರಿತು, ನೋವು ತೀರಲಿಲ್ಲ. ಕೂಸು ಎಲ್ಲಿ ಕೈಜಾರೀತೋ ಎಂಬ ಭಯವನ್ನು ಮಾತ್ರ ಆಕೆ ಯಾರಿಗೂ ಹೇಳಲಿಲ್ಲ.

ಇದು ವಾಯುವಲ್ಲ. ಹೆಬ್ಬೆರಳನ್ನು ಹೊರಚಾಚುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಇಕ್ಕಟ್ಟಾದ ಕೋಶವೊಂದರ ಮೂಲಕ ಹಾಯುತ್ತವೆ. ಕೋಶದ ಗೋಡೆ ದಪ್ಪಗಾದರೆ, ಸಣ್ಣ ಕಣ್ಣಿನ ಸೂಜಿಯಲ್ಲಿ ದಪ್ಪ ಕಸೂತಿ ದಾರವನ್ನೆಳೆದಂತೆ, ಪ್ರತಿ ಚಲನೆಯೂ ಯಾತನೆಯಾಗುತ್ತದೆ. ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ದ ಕೆರ್ವೇನ್ 1895ರಲ್ಲಿ ಇದನ್ನು ವರ್ಣಿಸಿದುದರಿಂದ ವ್ಯಾಧಿಗೆ ಆತನ ಹೆಸರೇ ನಿಂತಿದೆ. ಹಸುಗೂಸನ್ನು ದಿನಕ್ಕೆ ಹತ್ತಾರು ಸಲ ಎತ್ತಿ ಇಳಿಸುವ ತಾಯಂದಿರಲ್ಲಿ ಇದು ಹೆಚ್ಚು.

ಮೊದಲ ಮದ್ದು ವಿಶ್ರಾಂತಿ, ಮತ್ತು ಹೆಬ್ಬೆರಳನ್ನೂ ಸೇರಿಸಿ ಕಟ್ಟುವ ಪಟ್ಟಿ. ಕೆಲವು ವಾರಗಳಲ್ಲಿ ಗುಣ ಕಾಣದಿದ್ದರೆ ವೈದ್ಯರು ಇಂಜೆಕ್ಷನ್ನಿನ ಮಾತೆತ್ತುತ್ತಾರೆ. ಕೊಡುವುದು ಸ್ಟಿರಾಯಿಡ್, 1950ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪಾರಿತೋಷಕ ತಂದುಕೊಟ್ಟ ಕಾರ್ಟಿಸೋನಿನ ವಂಶದ್ದೇ ಇದು. ಸೂಜಿಯ ಗುರಿ ರಜ್ಜುವಲ್ಲ, ಅದನ್ನು ಸುತ್ತಿದ ಕೋಶ. ಬಹುಮಂದಿಗೆ ಒಂದೆರಡು ಸಲದಲ್ಲಿಯೇ ನೋವು ಇಳಿಯುತ್ತದೆ. ಕೆಲವರ ಕೋಶದೊಳಗೆ ಹುಟ್ಟಿನಿಂದಲೇ ಅಡ್ಡಗೋಡೆಯಿದ್ದು, ಒಂದು ಕೋಣೆಗೆ ಹಾಕಿದ ಮದ್ದು ಇನ್ನೊಂದನ್ನು ಮುಟ್ಟುವುದಿಲ್ಲ. ಅಂಥವರಿಗೆ ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು ಚುಚ್ಚುವುದು ಅನುಕೂಲ.

ದೋಷಗಳೂ ಇಲ್ಲದಿಲ್ಲ. ಒಂದೆರಡು ದಿನ ನೋವು ಹೆಚ್ಚಬಹುದು. ಚುಚ್ಚಿದೆಡೆ ಚರ್ಮ ಬಿಳಿಚಬಹುದು, ತಗ್ಗು ಬೀಳಬಹುದು. ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆ ಏರುತ್ತದೆ. ಮೇಲಿಂದ ಮೇಲೆ ಚುಚ್ಚಿಸಿದರೆ ರಜ್ಜುವೇ ದುರ್ಬಲವಾದೀತು. ಆದುದರಿಂದ ಮಧುಮೇಹವನ್ನಾಗಲಿ, ಮೊಲೆಯೂಡಿಸುವುದನ್ನಾಗಲಿ ವೈದ್ಯರಿಂದ ಮುಚ್ಚಿಡಬಾರದು. ಸೂಜಿಗೂ ಜಗ್ಗದ ನೋವಿಗೆ ಕೋಶವನ್ನು ಬಿಡಿಸುವ ಸಣ್ಣ ಶಸ್ತ್ರಕ್ರಿಯೆಯುಂಟು.

ಆ ಬಾಣಂತಿಯ ಗಂಡ ಕೊನೆಗೆ ಆಕೆಯನ್ನು ಹುಬ್ಬಳ್ಳಿಯ ಎಲುಬು-ಕೀಲಿನ ವೈದ್ಯರಲ್ಲಿಗೆ ಕರೆದೊಯ್ದ. ಸೂಜಿ ಕ್ಷಣಮಾತ್ರದ ಕೆಲಸ. "ಇನ್ನು ಕೆಲವು ದಿನ ಕೂಸನ್ನು ಬೇರೆಯವರು ಎತ್ತಿಕೊಡಲಿ" ಎಂದರು ವೈದ್ಯರು. ಔಷಧದ ಚೀಟಿಯಲ್ಲಿ ಬರೆಯದ ಆ ಮಾತನ್ನು ನೆನಪಿಟ್ಟವರು ಅತ್ತೆ. ಮರುದಿನ ತೊಟ್ಟಿಲು ಕದಲಿದಾಗ ಮೊದಲು ಎದ್ದವರು ಅವರೇ.