ಹಲಗಲಿಗೆ ಒಬ್ಬ ವಿಲನ್ ಬೇಕಂತೆ

ಒಂದೇ ಒಂದು ಸಾಲು. ಯಾರ ಕಥೆ, ಅವನಿಗೆ ಏನು ಬೇಕು, ಯಾರು ಅಡ್ಡ ಬರ್ತಾರೆ, ಸೋತರೆ ಏನು ಹೋಗುತ್ತೆ, ಎಲ್ಲಾ ಅದರೊಳಗೇ ಬರಬೇಕು. ಸಿನಿಮಾದವರು ಇದಕ್ಕೆ ಲಾಗ್‌ಲೈನ್ ಅಂತಾರೆ. ಮೂರು ತಿಂಗಳಿಂದ ಆಫೀಸು ಮುಗಿಸಿ ಬಂದು ನಾನು, ನನ್ನ ಗೆಳೆಯ ತಿದ್ದುತ್ತಾ ಕೂತಿರೋದು ಇಂಥದ್ದೊಂದು ಸಾಲನ್ನು. ಕಥೆ 1857ರ ಹಲಗಲಿಯದು. ನಾನು ಜಮಖಂಡಿ ಹತ್ತಿರದ ಹುನ್ನೂರಿನವನು. ಹಲಗಲಿ ಇರೋದು ಪಕ್ಕದ ಮುಧೋಳ ತಾಲೂಕಿನಲ್ಲಿ. ಹಾಗಾಗಿ ಇದು ನಮ್ಮ ಕಥೆ ಅನ್ನೋ ಧಿಮಾಕು ನನಗೆ ಸ್ವಲ್ಪ ಇತ್ತು.

ಮೊದಲ ಕರಡು ಹೀಗಿತ್ತು: 'ಹತಾರ ಇಟ್ಟುಕೊಳ್ಳಲು ಸರಕಾರದ ಪರವಾನಗಿ ಬೇಕೆಂಬ ಕಾಯ್ದೆಯನ್ನು ಒಪ್ಪದ ಬೇಡರ ಹಳ್ಳಿಯೊಂದು ಕಂಪನಿ ಸೈನ್ಯಕ್ಕೆ ಎದುರು ನಿಲ್ಲುತ್ತದೆ.' ನಿರ್ಮಾಪಕರ ಕಡೆಯವರು ಓದಿ ನಕ್ಕರು. "ಲೈಸನ್ಸ್‌ಗೋಸ್ಕರ ಯಾರು ಸರ್ ಸಾಯ್ತಾರೆ? ಪರ್ಸನಲ್ ಮಾಡಿ. ರಿವೆಂಜ್ ತನ್ನಿ."

ತಂದೆವು. ನಾಲ್ಕನೇ ಕರಡಿನಲ್ಲಿ ಜಡಗನ ಹೆಂಡತಿಯನ್ನು ನಾವೇ ಕೊಂದೆವು. ಐದನೆಯದರಲ್ಲಿ ಅವಳನ್ನು ಕೊಂದ ಗೋರಾ ಅಧಿಕಾರಿಯ ಕೆನ್ನೆಗೊಂದು ಗಾಯದ ಗುರುತು ಬಂತು. ಆರನೆಯದಕ್ಕೆ ಅವನು ಕುದುರೆ ಮೇಲಿಂದ ಇಳಿಯೋದನ್ನೇ ಬಿಟ್ಟ. ಎಲ್ಲರಿಗೂ ಇಷ್ಟವಾಯ್ತು. ನಿಜ ಹೇಳಬೇಕೆಂದರೆ ನನಗೂ.

ಆಮೇಲೆ ಊರಿಗೆ ಹೋದಾಗ ಅಜ್ಜನಿಗೆ ಓದಿ ಹೇಳಿದೆ. ಎಲೆ ಅಡಿಕೆ ಜಗಿಯುತ್ತಾ ಕೇಳಿಸಿಕೊಂಡರು. "ಹತಾರ ಕೊಡ್ರಿ ಅಂದ್ರು, ಇವರು ಕೊಡಲಿಲ್ಲ, ಊರಿಗೆ ಬೆಂಕಿ ಹಚ್ಚಿದ್ರು. ಇದರಾಗ ಆಕಿನ್ನ ಯಾಕ ಕೊಂದಿ ತಮ್ಮಾ?"

ಉತ್ತರ ಇರಲಿಲ್ಲ. ಅವತ್ತಿನಿಂದ ಯೋಚನೆ ಮಾಡ್ತಾ ಇದ್ದೀನಿ, ಮತ್ತು ಈಗ ನನಗೆ ಸಿಟ್ಟು ಬಂದಿದೆ, ನನ್ನ ಮೇಲೂ ಸೇರಿ.

ಬೇಟೆಯ ಮೇಲೆ ಬದುಕುವ ಮನುಷ್ಯನಿಗೆ ಹತಾರ ಅಂದರೆ ಅನ್ನ, ಮಾನ ಎರಡೂ. ಅದನ್ನು ಇಟ್ಟುಕೊಳ್ಳೋಕೆ ಇನ್ಮೇಲೆ ನನ್ನನ್ನು ಕೇಳು ಅಂತ ಕಾಗದ ಹಿಡಿದುಕೊಂಡು ಬಂದವನು ಕ್ರೂರಿ ಆಗಿರಬೇಕಾಗಿಲ್ಲ. ತುಂಬಾ ಸಭ್ಯನೇ ಆಗಿರಬಹುದು. ಅನ್ಯಾಯ ಇರೋದು ಕಾಗದದಲ್ಲಿ. ನಾವು ಅಲ್ಲಿಗೆ ಗಾಯದ ಕೆನ್ನೆಯ ವಿಲನ್ ತಂದ ತಕ್ಷಣ ಕಾಯ್ದೆಗೆ ಮಾಫಿ ಸಿಕ್ಕಿಬಿಡುತ್ತೆ. ಆ ಅಧಿಕಾರಿ ಒಳ್ಳೆಯವನಾಗಿದ್ದಿದ್ದರೆ ಹಲಗಲಿಯವರು ಸಾಲಾಗಿ ನಿಂತು ಬಂದೂಕು ಒಪ್ಪಿಸ್ತಿದ್ರಾ?

ಸೇಡೇ ಬೇಕು ಅಂದರೆ ನರಗುಂದಕ್ಕೆ ಹೋಗಿ ಸ್ವಾಮಿ. 1858ರ ಮೇ ತಿಂಗಳಲ್ಲಿ ಬಾಬಾಸಾಹೇಬ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಕಡಿಸಿ ತಂದು ನರಗುಂದದ ಬಾಗಿಲಿಗೆ ನೇತುಹಾಕಿಸಿದ. ಮುಖ ಇದೆ, ಹೆಸರಿದೆ, ಕತ್ತಿ ಇದೆ, ಇಂಟರ್‌ವಲ್ ಕೂಡ ರೆಡಿ ಇದೆ. ಆದರೆ ಅಲ್ಲೂ ಕೆದಕಿದರೆ ಸಿಗೋದು ದತ್ತು ತಗೊಳ್ಳೋಕೆ ಅನುಮತಿ ನಿರಾಕರಿಸಿದ ಒಂದು ಕಾಗದವೇ.

ಇನ್ನು ಸೇಡಿನ ಕಥೆ ಬರೆಯೋದು ನಮ್ಮ ಕಡೆಯವರಿಗೆ ಗೊತ್ತಿಲ್ಲ ಅಂತೇನಿಲ್ಲ. ರನ್ನ ಮುಧೋಳದವನೇ. ಗದಾಯುದ್ಧದಲ್ಲಿ ಭೀಮನನ್ನು ಗೆಲ್ಲಿಸಿ, ಓದುವವರ ಕಣ್ಣೀರನ್ನು ದುರ್ಯೋಧನನಿಗೆ ಕೊಟ್ಟವನು. ಸೇಡು ಅಂದರೆ ಎಷ್ಟು ಕಷ್ಟದ ಸರಕು ಅಂತ ಸಾವಿರ ವರ್ಷದ ಹಿಂದೆಯೇ ಅವನಿಗೆ ಗೊತ್ತಿತ್ತು. ನಮಗೆ ಅದು ಬರೀ ಹಿನ್ನೆಲೆ ಸಂಗೀತ.

ಹಲಗಲಿಯಲ್ಲಿ ಸೇಡು ಇಲ್ಲವೇ ಇಲ್ಲ ಅಂತಲ್ಲ. ಇದೆ. ಆದರೆ ತೀರಿಸಿಕೊಂಡವರು ಬೇಡರಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಬೆಂಕಿ ಇಟ್ಟಿತು. ಅಲ್ಲಿಗೆ ಕಾಯ್ದೆ ಗೆದ್ದಾಗಿತ್ತು. ಆಮೇಲೆ ಡಿಸೆಂಬರ್ 11ರಂದು, ಸಂತೆಯ ದಿನ, ಮುಧೋಳದಲ್ಲಿ 13 ಜನರನ್ನು ಗಲ್ಲಿಗೇರಿಸಿದರು. 14ರಂದು ಹಲಗಲಿಯಲ್ಲಿ ಇನ್ನೂ 6 ಜನರನ್ನು. ಜಡಗ, ಬಾಲ ಆ ಹತ್ತೊಂಬತ್ತರಲ್ಲೇ ಸೇರಿದವರು. ಸಂತೆಯ ದಿನ ಯಾಕೆ? ಕಾಳು, ಉಪ್ಪು ಕೊಳ್ಳೋಕೆ ಬಂದ ಸುತ್ತಲಿನ ಹಳ್ಳಿಯವರೆಲ್ಲ ನೋಡಲಿ ಅಂತ. ಅದು ನ್ಯಾಯ ಅಲ್ಲ, ಸೇಡು.

"ಸಿನಿಮಾ ತಾನೇ, ಬಿಡಿ" ಅಂತೀರೇನೋ. ಬಿಡಬಹುದಿತ್ತು, ಲಾವಣಿ ಇಲ್ಲದೇ ಹೋಗಿದ್ದರೆ. ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಅದನ್ನು ಓದಿದವರು ನಿಮ್ಮಲ್ಲೂ ಇದ್ದೀರಿ. ಕುರ್ತಕೋಟಿ ಕಲ್ಮೇಶನ ಆ ಹಾಡು ಒಬ್ಬನೇ ಹೀರೋನ ಹಿಂದೆ ಓಡಲ್ಲ. ಹನುಮ, ಬಾಲ, ಜಡಗ, ರಾಮ ಅಂತ ನಾಲ್ವರನ್ನು ಒಟ್ಟಿಗೆ ನಿಲ್ಲಿಸುತ್ತೆ. ಕೊನೆಗೆ ದಂಡಿನವರು ಊರಿಂದ ಹೊತ್ತುಕೊಂಡು ಹೋದದ್ದನ್ನು ಲೆಕ್ಕ ಹಾಕುತ್ತೆ: ಮೊಸರು, ಬೆಣ್ಣೆ, ಅರಿಶಿಣ, ಜೀರಿಗೆ, ತಾಳಿ, ಬೀಸುವ ಕಲ್ಲು ಕೂಡ. ಬೀಸುವ ಕಲ್ಲು! ಎಷ್ಟು ಭಾರ ಇರುತ್ತೆ ಗೊತ್ತಾ? ನಮ್ಮ ಆರು ಕರಡುಗಳಲ್ಲಿ ಎಲ್ಲೂ ಇಂಥದ್ದೊಂದು ಇರಲಿಲ್ಲ.

ಹೋದ ವಾರ ಏಳನೆಯದನ್ನು ಕಳಿಸಿದೆ: 'ಹತಾರ ಒಪ್ಪಿಸದ ಒಂದು ಹಳ್ಳಿಯ ಮೇಲೆ ಸರಕಾರ ಸೇಡು ತೀರಿಸಿಕೊಳ್ಳುತ್ತದೆ; ಹೋದದ್ದಕ್ಕೆಲ್ಲ ಒಬ್ಬ ಲಾವಣಿಕಾರ ಲೆಕ್ಕ ಇಡುತ್ತಾನೆ.'

ಹತ್ತೇ ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ಉತ್ತರ ಬಂತು: "ಸರ್, ಹೀರೋ ಯಾರು?" ಗೆಳೆಯ ಹಳೇ ಆರನೇ ಕರಡನ್ನೇ ಕಳಿಸಿಬಿಡೋಣ ಅಂತಿದ್ದಾನೆ. ಬುಧವಾರ ಮೀಟಿಂಗ್ ಇದೆ. ಏಳನೆಯದನ್ನೇ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದೀನಿ.